ಹದ ಕೊಡದ ಅಚ್ಚು

ನಾನು ತಮಿಳು ಓದಲು ಕಲಿತದ್ದು ತಿರುಗುಮುರುಗಾಗಿ. ಕೊಳ್ಳೇಗಾಲದ ಕಡೆಯ ಕನ್ನಡ ಶಾಲೆಯಲ್ಲಿ ಓದಿ, ಮದುವೆಯಾಗಿ ಕೊಯಮತ್ತೂರಿನ ಹತ್ತಿರದ ಸೂಲೂರಿಗೆ ಬಂದವಳು ನಾನು. ಗಂಡನ ಮನೆಯವರು ನೇಯ್ಗೆಯವರು, ಎಷ್ಟೋ ತಲೆಮಾರಿನಿಂದ ಅಲ್ಲೇ ಬೇರು ಬಿಟ್ಟವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅವರಿಗೆ ಕನ್ನಡ ಅಕ್ಷರ ಬಾರದು, ನನಗೆ ತಮಿಳು ಅಕ್ಷರ ಬಾರದು. ನಮ್ಮ ಯಜಮಾನರು ಉಕ್ಕಿನ ತುಂಡಿನ ಮೇಲೆ ಕೆತ್ತುತ್ತಿದ್ದ ಅಚ್ಚುಗಳನ್ನು ಎಣ್ಣೆಬಟ್ಟೆಯಲ್ಲಿ ಒರೆಸುತ್ತ ಒರೆಸುತ್ತ ನಾನು ಒಂದೊಂದೇ ಅಕ್ಷರದ ಗುರುತು ಹಿಡಿದೆ. ಅಚ್ಚಿನಲ್ಲಿ ಅಕ್ಷರ ಕನ್ನಡಿಯೊಳಗೆ ಕಂಡಂತೆ ಎಡಬಲ ತಿರುಗಿರುತ್ತದೆ. ಹೀಗೆ ಕಲಿತು ಬಸ್ ನಿಲ್ದಾಣಕ್ಕೆ ಹೋದರೆ ಅಲ್ಲಿನ ಬೋರ್ಡುಗಳೆಲ್ಲ ತಪ್ಪಾಗಿ ಬರೆದ ಹಾಗೆ ಕಾಣುತ್ತಿದ್ದವು. ಅನ್ನೂರಿನ ಬಸ್ಸು ಅಂತ ಹತ್ತಿ, ಇನ್ನೆಲ್ಲೋ ಇಳಿದು, ಕಂಡಕ್ಟರನ ಮೇಲೆಯೇ ಹಾರಾಡಿ ಬಂದವಳು ನಾನು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಇವತ್ತಿಗೂ ಅದು ಅಲ್ಲೇ ಇದೆ.

ಯಜಮಾನರು ಕೆತ್ತುತ್ತಿದ್ದದ್ದು ಮಿಲ್ಲುಗಳ ಕ್ಯಾಂಟೀನ್ ಟೋಕನ್ನು. ಆಗ ಕೊಯಮತ್ತೂರಿನ ಸುತ್ತ ಎಲ್ಲಿ ನೋಡಿದರೂ ನೂಲಿನ ಮಿಲ್ಲು. ಕೆಲಸಗಾರರಿಗೆ ಟೀ ಕುಡಿಯಲು, ತಿಂಡಿ ತಿನ್ನಲು ಹಿತ್ತಾಳೆಯ ಬಿಲ್ಲೆ ಕೊಡುತ್ತಿದ್ದರು. ತಂತಿಯಲ್ಲಿ ಪೋಣಿಸಿಡಲು ಅನುಕೂಲವಾಗಲೆಂದು ಪ್ರತಿ ಬಿಲ್ಲೆಗೂ ಮೇಲ್ಭಾಗದಲ್ಲಿ ಒಂದು ತೂತು. ತೂತಿರುವ ಹಿತ್ತಾಳೆ ಬಿಲ್ಲೆ ರಸ್ತೆಯಲ್ಲಿ ಬಿದ್ದಿದ್ದರೆ ನಮ್ಮೂರಿನ ಮಗು ಕೂಡ ಹೇಳುತ್ತಿತ್ತು, ಟೀ ಟೋಕನ್ ಅಂತ. ಮಾವನವರ ಕಾಲದ ಮಗ್ಗದ ಗುಂಡಿಯನ್ನು ಮುಚ್ಚಿ, ಅದೇ ಜಾಗದಲ್ಲಿ ತಿರುಪಿನ ಪ್ರೆಸ್ಸು ನಿಲ್ಲಿಸಿದ್ದರು. ಅದರ ತಲೆಯ ಮೇಲೆ ಒಂದು ಉದ್ದನೆಯ ತೋಳು, ತೋಳಿನ ಎರಡು ತುದಿಗೂ ಕಬ್ಬಿಣದ ಗುಂಡು. ಅದನ್ನು ಬೀಸಿ ಎಳೆದರೆ ತಿರುಪು ಇಳಿದು, ಮೇಲಿನ ಅಚ್ಚು ಕೆಳಗಿನ ಅಚ್ಚಿನ ಮೇಲೆ ಬಡಿದು, ನಡುವಿನ ಬಿಲ್ಲೆಯ ಎರಡು ಮುಖಕ್ಕೂ ಚಿತ್ತಾರ ಬೀಳುತ್ತಿತ್ತು. ಯಜಮಾನರು ಒಂದು ಕಡೆ, ನಾನು ಒಂದು ಕಡೆ ನಿಂತು ಎಳೆಯುತ್ತಿದ್ದೆವು. ತವರಿನಿಂದ ಬಂದ ನನ್ನ ತಾಯಿ ಇದನ್ನು ನೋಡಿ, ‘ಗಾಣದ ಎತ್ತಿಗೆ ಕೊಟ್ಟಂಗಾಯ್ತಲ್ಲ ನಿನ್ನ’ ಅಂತ ಅತ್ತಿದ್ದಳು.

ಯಜಮಾನರದು ಒಂದು ಕಟ್ಟುನಿಟ್ಟು ಇತ್ತು. ಹೊಸ ಅಚ್ಚು ಕೆತ್ತಿದ ಮೇಲೆ ಮೊದಲು ಸೀಸದ ಮೇಲೆ, ಆಮೇಲೆ ಕಾಯಿಸಿ ಮೆತ್ತಗೆ ಮಾಡಿದ ಹಿತ್ತಾಳೆಯ ಮೇಲೆ ಹೊಡೆದು ನೋಡುತ್ತಿದ್ದರು. ಆ ನೋಡುವ ಬಿಲ್ಲೆಗಳಲ್ಲಿ ಒಂದೂ ಶೆಡ್ಡಿನಿಂದ ಹೊರಗೆ ಹೋಗಕೂಡದು. ಸಂಜೆ ದೀಪ ಹಚ್ಚುವ ಮುಂಚೆ ಎಲ್ಲವನ್ನೂ ಅಡೆಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಚಪ್ಪಟೆ ಮಾಡಿಬಿಡುತ್ತಿದ್ದರು. ಒಂದು ಹೊರಗೆ ಹೋದರೆ ಯಾರೋ ಒಂದು ಟೀ ಕದ್ದ ಹಾಗೆ, ಮಿಲ್ಲಿನವರ ಮುಂದೆ ತಲೆ ಎತ್ತುವ ಹಾಗಿಲ್ಲ ಅನ್ನುತ್ತಿದ್ದರು. ಕೆತ್ತನೆ ಸರಿ ಅನ್ನಿಸಿದ ಮೇಲೆ ಮಾತ್ರ ಅಚ್ಚಿಗೆ ಹದ ಕೊಡುವುದು. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಉಕ್ಕು ಕಲ್ಲಾಗುತ್ತದೆ. ಆಮೇಲೆ ಎಷ್ಟು ಬಿಲ್ಲೆ ಬೇಕಾದರೂ ಹೊಡೆಯಬಹುದು, ಆದರೆ ಒಂದು ಗೆರೆಯನ್ನೂ ತಿದ್ದಲಾಗದು.

ಲಂಕೆಯಲ್ಲಿ ಮನೆಗಳಿಗೆ ಬೆಂಕಿ ಬಿದ್ದು ಜನ ದೋಣಿ ಹತ್ತಿ ಈ ದಡಕ್ಕೆ ಬರತೊಡಗಿದ ಮರುವರ್ಷ ಇರಬೇಕು, ನಮ್ಮ ಹಿತ್ತಲಿನಾಚೆಯ ಲೈನ್ ಮನೆಗೆ ಇಬ್ಬರು ಬಾಡಿಗೆಗೆ ಬಂದರು. ಒಬ್ಬರು ವಯಸ್ಸಾದವರು, ಅಲ್ಲಿ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಇನ್ನೊಬ್ಬಳು ಅವರ ಸೊಸೆ, ಮದುವೆಯ ಅರಿಸಿನ ಇನ್ನೂ ಆರದ ಹುಡುಗಿ. ಮೇಷ್ಟ್ರ ಒಬ್ಬನೇ ಮಗ ಇವರಿಬ್ಬರನ್ನೂ ರಾಮೇಶ್ವರದ ಕಡೆ ದಡ ಮುಟ್ಟಿಸಿ, ಅದೇ ದೋಣಿಯಲ್ಲಿ ಹಿಂದಕ್ಕೆ ಹೋಗಿದ್ದ. ‘ದೇಶ ತರೋದಕ್ಕೆ ಹೋಗಿದಾನೆ’ ಅಂತ ಮೇಷ್ಟ್ರು ಹೇಳುತ್ತಿದ್ದರು; ದೇಶ ಅಂದರೆ ಅಲ್ಲಿಯ ತಮಿಳರು ತಮಗೆ ಬೇರೆಯಾಗಿ ಬೇಕು ಅಂತ ಹೋರಾಡುತ್ತಿದ್ದ ನಾಡು. ಸೊಸೆ ‘ಹೋಗಿದಾರೆ’ ಅಂತ ಮಾತ್ರ ಹೇಳುತ್ತಿದ್ದಳು. ಅವರು ಆಡುತ್ತಿದ್ದದ್ದು ಆ ದ್ವೀಪದ ತಮಿಳು, ಕೇಳಲು ಹಿತವಾದ, ನಿಧಾನದ ತಮಿಳು. ಆದರೆ ನನ್ನ ತಲೆಯಲ್ಲಿ ಉಳಿದಿರುವುದೆಲ್ಲ ನನ್ನ ಕನ್ನಡದಲ್ಲೇ, ಹಾಗೇ ಬರೆಯುತ್ತೇನೆ.

ಒಂದು ಬೆಳಿಗ್ಗೆ ಮೇಷ್ಟ್ರು ಕಂಕುಳಲ್ಲಿ ಕಾಗದದ ಸುರುಳಿ ಇಟ್ಟುಕೊಂಡು ಶೆಡ್ಡಿಗೆ ಬಂದರು. ಬಿಚ್ಚಿ ನೆಲದ ಮೇಲೆ ಹಾಸಿದರು. ಊಟದ ತಟ್ಟೆಯಷ್ಟು ದೊಡ್ಡ ಎರಡು ವೃತ್ತ. ಒಂದರಲ್ಲಿ ತಾಳೆಮರ, ಇನ್ನೊಂದರಲ್ಲಿ ಒಂದು ಅನ್ನುವ ಅಂಕಿ, ಸುತ್ತ ಅಕ್ಷರ, ಅಂಚಿಗೆ ಮಣಿ ಜೋಡಿಸಿದ ಹಾಗೆ ಚುಕ್ಕಿ. ಯಜಮಾನರು ಕುಕ್ಕರುಗಾಲಲ್ಲಿ ಕೂತು ಗೆರೆ ನೋಡತೊಡಗಿದರು. ಒಳ್ಳೆಯ ಗೆರೆ ಕಂಡರೆ ಅವರಿಗೆ ಬೇರೆ ಪ್ರಪಂಚ ಬೇಡ. ಕೇಳಬೇಕಾದದ್ದನ್ನು ಕೇಳುವುದು ಯಾವಾಗಲೂ ನನ್ನ ಪಾಲು.

‘ಯಾವ ಮಿಲ್ಲಿಂದು ಸಾರ್?’ ಅಂದೆ.

‘ಮಿಲ್ಲಿನದಲ್ಲ ತಂಗಚ್ಚಿ. ದೇಶದ್ದು.’

ತಂಗಚ್ಚಿ ಅಂದರೆ ಅವರ ಕಡೆ ತಂಗಿ; ಯಜಮಾನರನ್ನು ತಂಬಿ, ಅಂದರೆ ತಮ್ಮ, ಅನ್ನುತ್ತಿದ್ದರು. ಯಾವ ದೇಶ, ಯಾವ ಸರ್ಕಾರ ಕೊಟ್ಟ ಆರ್ಡರು ಅಂತ ಕೇಳಿದ್ದಕ್ಕೆ ಮೇಷ್ಟ್ರು ಮುಚ್ಚುಮರೆ ಮಾಡಲಿಲ್ಲ. ಯಾರೂ ಕೊಟ್ಟಿಲ್ಲ, ಸರ್ಕಾರವೇ ಇನ್ನೂ ಇಲ್ಲ ಅಂದರು. ‘ದೇಶ ಬಂದ ದಿನ ಎಲ್ಲರೂ ಬಾವುಟದ ಹಿಂದೆ ಓಡ್ತಾರೆ. ಮಾರನೇ ಬೆಳಿಗ್ಗೆ ಸಂತೆಗೆ ಹೋಗಬೇಕಲ್ಲ, ಆಗ ಕೈಯಲ್ಲಿ ಏನಿರುತ್ತೆ? ಅದನ್ನ ಯಾರೂ ಯೋಚನೆ ಮಾಡಿಲ್ಲ.’ ದೋಣಿ ಬಿಡುವ ಮೊದಲು ಮಗ ನಕ್ಕು ಹೇಳಿದ್ದನಂತೆ: ಅಪ್ಪಾ, ನೀವು ಕಾಸು ಮಾಡಿಡಿ, ನಾನು ದೇಶ ತರ್ತೀನಿ. ಮಗ ತಮಾಷೆಗೆ ಅಂದದ್ದನ್ನು ಮೇಷ್ಟ್ರು ಕೊಟ್ಟ ಮಾತಾಗಿ ಹಿಡಿದುಕೊಂಡುಬಿಟ್ಟಿದ್ದರು. ಹೊಸ ದೇಶದ ಮೊದಲನೆಯ ಕಾಸು ಬೇರೆ ಯಾರ ಕೈಗೂ ಹೋಗುವ ಮೊದಲು ಮಗನ ಅಂಗೈಗೆ ತಾವೇ ಇಡಬೇಕು. ಅಷ್ಟೇ ಅವರಿಗೆ ಉಳಿದಿದ್ದ ಆಸೆ.

ಅವರು ಹೋದ ಮೇಲೆ ನಾನು ಯಜಮಾನರನ್ನು ತರಾಟೆಗೆ ತೆಗೆದುಕೊಂಡೆ. ‘ಏನ್ರೀ, ಕಾಸು ಹೊಡೀತಾರೆ ಅಂತ ಪೊಲೀಸ್ನೋರು ಬಂದು ಕೈಗೆ ಬೇಡಿ ಹಾಕಿದ್ರೆ ನಿಮ್ಮನ್ನ ಬಿಡಿಸ್ಕೊಂಡು ಬರೋರ್ಯಾರು?’

‘ಇಲ್ದೇ ಇರೋ ದೇಶದ ಕಾಸು ಹೊಡೆದ್ರೆ ಅದ್ಹೆಂಗೆ ಕಳ್ಳಕಾಸಾಯ್ತದೆ?’ ಅಂದರು. ‘ಕೊಂಚ ಸುಮ್ಕಿರು. ಆ ಮರ ನೋಡಿದ್ಯಾ, ಒಂದೊಂದು ಗರಿನೂ ಎಷ್ಟು ಚೆಂದಾಗಿ ಎಳೆದವ್ರೆ.’

ಕೂಲಿಯ ಮಾತು ಎರಡು ಕಡೆಯಿಂದಲೂ ಬರಲಿಲ್ಲ. ಮೇಷ್ಟ್ರು ನಮ್ಮ ಟೋಕನ್ನುಗಳಿಗೆ ಅಕ್ಷರ ಬರೆದುಕೊಟ್ಟರು, ಅಂಥ ದುಂಡನೆಯ ಅಕ್ಷರ ಆ ಮಿಲ್ಲುಗಳು ಅದುವರೆಗೆ ಕಂಡಿರಲಿಲ್ಲ. ಅವರ ಸೊಸೆ ನಮ್ಮಲ್ಲೇ ಕೆಲಸಕ್ಕೆ ಸೇರಿದಳು. ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಚಿಕ್ಕ ಕೈಪ್ರೆಸ್ಸಿನಲ್ಲಿ ಟೋಕನ್ನುಗಳಿಗೆ ತೂತು ಹೊಡೆಯುವುದು ಅವಳ ಕೆಲಸ. ಎಡಗೈಯಲ್ಲಿ ಬಿಲ್ಲೆ ಇಡು, ಬಲಗೈಯಲ್ಲಿ ಹಿಡಿ ಒತ್ತು, ತಟ್ಟೆಗೆ ಹಾಕು. ಮೊದಮೊದಲು ಬೆರಳು ಜಜ್ಜಿಕೊಂಡಳು, ನಾನು ಬೈದೆ. ಆಮೇಲೆ ಅವಳ ಕೈ ನೋಡದೆಯೇ ಓಡತೊಡಗಿತು. ಎಲ್ಲೋ ನೋಡುತ್ತಿರುತ್ತಿದ್ದಳು, ಕೈ ತನ್ನಷ್ಟಕ್ಕೆ ತೂತು ಹೊಡೆಯುತ್ತಿತ್ತು.

ಅಚ್ಚು ಕೆತ್ತಲು ಬಹಳ ತಿಂಗಳು ಹಿಡಿಯಿತು. ಮಿಲ್ಲಿನ ಕೆಲಸ ಮುಗಿದ ಮೇಲೆ, ಭಾನುವಾರಗಳಲ್ಲಿ, ಯಜಮಾನರು ಭೂತಗನ್ನಡಿ ಕಣ್ಣಿಗೊತ್ತಿಕೊಂಡು ಕೂರುತ್ತಿದ್ದರು. ಮೊದಲನೆಯ ಸಲ ಸೀಸದ ಮೇಲೆ ಹೊಡೆದ ದಿನ ಮೇಷ್ಟ್ರು ಒಗೆದ ವೇಷ್ಟಿ ಉಟ್ಟು, ಹಣೆಗೆ ವಿಭೂತಿ ಹಚ್ಚಿ ಬಂದಿದ್ದರು. ನಾವಿಬ್ಬರೂ ತೋಳು ಎಳೆದೆವು. ಯಜಮಾನರು ಬೂದುಬಣ್ಣದ ಬಿಲ್ಲೆಯನ್ನು ಅಂಗಿಗೆ ಒರೆಸಿ ಅವರ ಕೈಗೆ ಕೊಟ್ಟರು. ಮೇಷ್ಟ್ರು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನಂತೂ ಅಳುತ್ತಾರೆ ಅಂದುಕೊಂಡೆ.

‘ತಂಬಿ, ಇದು ತಾಳೆ ಅಲ್ಲ, ಪೊರಕೆ’ ಅಂದರು.

ನನಗೆ ನಗು ತಡೆಯಲಾಗಲಿಲ್ಲ. ಯಜಮಾನರಿಗೆ ಅವಮಾನವಾಯಿತು. ನಮ್ಮೂರಲ್ಲೂ ತಾಳೆ ಅದೆ, ನಾನು ನೋಡ್ದೇ ಇರೋದಾ ಅಂತ ವಾದಕ್ಕೆ ನಿಂತರು. ನಿಮ್ಮದು ಕಳ್ಳಿಳಿಸಿ ಸೊರಗಿದ ತಾಳೆ, ನಮ್ಮದರ ತಲೆ ತುಂಬಿರುತ್ತೆ ಅಂತ ಮೇಷ್ಟ್ರು. ಇಬ್ಬರೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮರ ಬರೆದು ಬರೆದು ಜಗಳವಾಡಿದರು. ಸಂಜೆಗೆ ಯಜಮಾನರು ಆ ಸೀಸದ ಬಿಲ್ಲೆಯನ್ನು ಅಡೆಗಲ್ಲಿನ ಮೇಲಿಟ್ಟು ಚಪ್ಪಟೆ ಮಾಡುವಾಗ ಮಾತ್ರ ಮೇಷ್ಟ್ರು ಮುಖ ತಿರುಗಿಸಿಕೊಂಡರು. ಅವತ್ತಿನಿಂದ ಅದೇ ನಡೆಯಿತು: ಹೊಡೆದು ನೋಡುವುದು, ತಪ್ಪು ಹಿಡಿಯುವುದು, ಜಜ್ಜುವುದು, ಮತ್ತೆ ತಿದ್ದುವುದು.

ಅಷ್ಟರಲ್ಲಿ ಮಗ ಸಂಕ್ರಾಂತಿಯ ತೈ ತಿಂಗಳಲ್ಲಿ ಒಂದು ಸಲ ಬಂದು ಹೋಗುತ್ತಾನೆ ಅಂತ ಯಾರೋ ಬಾಯಿಮಾತಿನಲ್ಲಿ ತಿಳಿಸಿದರು. ದೇಶ ಬರದಿದ್ದರೂ ಪರವಾಗಿಲ್ಲ, ಅವನು ಬಂದಾಗ ಕಾಸಾದರೂ ತೋರಿಸುತ್ತೇನೆ ಅಂತ ಮೇಷ್ಟ್ರು ಕಾಯತೊಡಗಿದರು. ಆ ಹುಡುಗಿ ನನ್ನನ್ನು ಕೇಳಿ ಒಂದು ಮೊಳ ಕನಕಾಂಬರ ತರಿಸಿಕೊಂಡಳು, ಮುಡಿಯದೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು. ಮಾರನೇ ದಿನ ಮತ್ತೊಂದು ಮೊಳ ತರಿಸಿದಳು. ನಾನು ಛೇಡಿಸಿದರೆ ತಲೆ ತಗ್ಗಿಸಿ ನಗುತ್ತಿದ್ದಳು. ಅವಳು ನಕ್ಕದ್ದನ್ನು ನಾನು ಚೆನ್ನಾಗಿ ನೋಡಿದ್ದು ಆ ತಿಂಗಳಲ್ಲೇ.

ತೈ ಮುಗಿಯುವ ಹೊತ್ತಿಗೆ ಕರಾವಳಿಯ ಕಡೆಯಿಂದ ಒಬ್ಬ ಬಂದ. ಹಗಲು ಹೊತ್ತು, ಪ್ರೆಸ್ಸು ನಡೆಯುತ್ತಿತ್ತು. ಮೇಷ್ಟ್ರು ಯಜಮಾನರ ಪಕ್ಕದಲ್ಲಿ ಭೂತಗನ್ನಡಿ ಹಿಡಿದು ಕೂತಿದ್ದರು. ಬಂದವನು ಬಾಗಿಲಲ್ಲೇ ಚಪ್ಪಲಿ ಬಿಟ್ಟ. ಚಪ್ಪಲಿ ಬಿಡುವಂಥ ಜಾಗವಲ್ಲ ನಮ್ಮ ಶೆಡ್ಡು, ತಗಡಿನ ಚೂರು ಬಿದ್ದಿರುತ್ತದೆ. ಅವನು ಬಿಟ್ಟದ್ದನ್ನು ನೋಡಿಯೇ ನಾನು ಪ್ರೆಸ್ಸಿನ ತೋಳು ಬಿಟ್ಟೆ. ಸಮುದ್ರದ ನಡುವೆ ಲಂಕೆಯ ಕಾವಲಿನ ಹಡಗು ಮೇಷ್ಟ್ರ ಮಗನಿದ್ದ ದೋಣಿಯ ಮೇಲೆ ಗುಂಡು ಹಾರಿಸಿತು, ದೋಣಿಯಲ್ಲಿದ್ದವರು ಒಬ್ಬರೂ ಸಿಕ್ಕಲಿಲ್ಲ ಅಂತ ಹೇಳಿದ. ಮೇಷ್ಟ್ರು ಕನ್ನಡಿ ಕೆಳಗಿಟ್ಟರು.

‘ದೋಣಿ ಯಾವ ಕಡೆ ಬರ್ತಿತ್ತು?’ ಅಂತ ಕೇಳಿದರು.

ಅವನಿಗೆ ಅರ್ಥವಾಗಲಿಲ್ಲ.

‘ಆ ಕಡೆಗೋ, ಈ ಕಡೆಗೋ?’

‘ಈ ಕಡೆಗೆ’ ಅಂದ.

ಆ ಹುಡುಗಿಯ ಕೈ ಆಗಲೂ ನಿಲ್ಲಲಿಲ್ಲ. ತಟ್ಟೆ ಖಾಲಿಯಾಗುವ ತನಕ ತೂತು ಹೊಡೆದಳು. ನಾನು ಹೋಗಿ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಆಗ ನನ್ನ ಮುಖ ನೋಡಿದಳು.

ಹೆಣವಿಲ್ಲ, ಮಣ್ಣಿಲ್ಲ, ತಿಥಿ ಯಾವತ್ತು ಅಂತ ಗೊತ್ತಿಲ್ಲ. ತಾಳಿ ತೆಗೆಯಬೇಕೋ ಬೇಡವೋ ಅಂತ ಹೇಳಲು ಅವಳ ಕಡೆಯ ಹಿರಿಯ ಹೆಂಗಸರು ಯಾರೂ ಇಲ್ಲ. ತೆಗೆಯಬೇಡ ಅಂತ ನಾನೇ ಹೇಳಿದೆ. ಕೆಲವು ದಿನ ಬಿಟ್ಟು, ಆನೈಮಲೈಗೆ ಕರೆದುಕೊಂಡು ಹೋಗಿ ಅಕ್ಕಾ ಅಂತ ಕೇಳಿದಳು. ಅಲ್ಲಿಯ ಮಾಸಾಣಿ ಅಮ್ಮನ ಗುಡಿಯಲ್ಲಿ ಅನ್ಯಾಯವಾದವರು ಒಣಮೆಣಸಿನಕಾಯಿ ಅರೆದು ಕಲ್ಲಿಗೆ ಬಳಿಯುತ್ತಾರೆ; ಅನ್ಯಾಯ ಮಾಡಿದವನ ಹೆಸರು ಹೇಳಿಕೊಂಡು ಬಳಿದರೆ ಅವನ ಮೈಗೆ ಆ ಉರಿ ಹತ್ತುತ್ತದೆ ಅಂತ ನಂಬಿಕೆ. ಅವಳು ಕೂತು ನುಣ್ಣಗೆ ಅರೆದಳು. ಘಾಟಿಗೆ ನಾನು ಕೆಮ್ಮಿ ದೂರ ಹೋದೆ. ಅರೆದದ್ದನ್ನು ಕೈಯಲ್ಲಿ ಹಿಡಿದುಕೊಂಡು ಕಲ್ಲಿನ ಮುಂದೆ ನಿಂತವಳು ತಿರುಗಿ, ‘ಯಾರ ಹೆಸರು ಹೇಳಲಿ ಅಕ್ಕಾ?’ ಅಂತ ಕೇಳಿದಳು. ಹಡಗಿನವನ ಹೆಸರು ಅವಳಿಗೆ ಗೊತ್ತಿಲ್ಲ. ಗಂಡನಿಗೆ ಬರಲಿಕ್ಕೆ ಹೇಳಿದವನ ಹೆಸರು ಗೊತ್ತಿಲ್ಲ. ಹಿಂದೆ ನಿಂತವರು ಬೇಗ ಬೇಗ ಅನ್ನುತ್ತಿದ್ದರು. ಕೊನೆಗೆ ಯಾರ ಹೆಸರೂ ಹೇಳದೆ ಬಳಿದಳು, ಬಸ್ಸಿನಲ್ಲಿ ಸೂಲೂರು ಮುಟ್ಟುವ ತನಕ ಉರಿಯುವ ಕೈಯನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಳು.

ಮೇಷ್ಟ್ರು ಇನ್ನು ಶೆಡ್ಡಿನ ಕಡೆ ತಲೆ ಹಾಕುವುದಿಲ್ಲ ಅಂದುಕೊಂಡಿದ್ದೆವು. ಆದರೆ ಒಂದು ಬೆಳಿಗ್ಗೆ ಎಂದಿನ ಹಾಗೆ ಬಂದು, ಎಂದಿನ ಜಾಗದಲ್ಲಿ ಕೂತು, ‘ಅಂಚಿನ ಚುಕ್ಕಿ ಒಂದೇ ಸಮ ಇಲ್ಲ ತಂಬಿ’ ಅಂದರು. ಯಜಮಾನರು ನನ್ನ ಕಡೆ ನೋಡಿದರು, ನಾನು ಗೋಡೆ ನೋಡಿದೆ. ಚುಕ್ಕಿ ತಿದ್ದಿ ಮತ್ತೆ ಹೊಡೆದೆವು. ಈಗ ಮೇಷ್ಟ್ರಿಗೆ ಅವಸರ ಬಂದಿತ್ತು. ತಪ್ಪು ಕಡಿಮೆ ಹಿಡಿಯುತ್ತಿದ್ದರು. ‘ಸರಿ ಇದೆ, ಹದ ಕೊಟ್ಟುಬಿಡಿ’ ಅಂತ ಒಂದು ದಿನ ಅಂದೇಬಿಟ್ಟರು.

ಅವತ್ತು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಸೊಸೆ ಸ್ಟೂಲಿನಿಂದ ಎದ್ದು ಬಂದು ಯಜಮಾನರ ಮುಂದೆ ನಿಂತಳು. ಅದುವರೆಗೆ ಅವರ ಎದುರು ನಿಂತು ಮಾತಾಡಿದವಳಲ್ಲ.

‘ಅಣ್ಣಾ, ಹದ ಕೊಡಬೇಡಿ. ಮಾಮಾ ಬೆಳಿಗ್ಗೆ ಎದ್ದು ಮುಖ ತೊಳೆಯೋದೇ ಇಲ್ಲಿಗೆ ಬರಬೇಕು ಅಂತ. ಅಚ್ಚು ಮುಗಿದ್ರೆ ಅವರೂ ಮುಗೀತಾರೆ.’

ಯಜಮಾನರು ಅಚ್ಚನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಅವರ ಕಷ್ಟ ನನಗೆ ಗೊತ್ತಿತ್ತು. ಜನ್ಮದಲ್ಲಿ ಒಂದು ವಕ್ರ ಗೆರೆ ಕೊಟ್ಟವರಲ್ಲ, ಮಿಲ್ಲಿನ ಟೀ ಬಿಲ್ಲೆಗೂ ದೇವರ ವಿಗ್ರಹಕ್ಕೆ ಪಡುವಷ್ಟು ಪಾಡು ಪಡುವವರು. ಅಂಥವರು ಮರುದಿನ ಮೇಷ್ಟ್ರು ಬರುವ ಮುಂಚೆ, ನಾನು ನೋಡುತ್ತಿದ್ದ ಹಾಗೇ, ಉಳಿ ತೆಗೆದುಕೊಂಡು ಒಂದು ಗರಿಯ ತುದಿಯನ್ನು ಬೇಕೆಂದೇ ಕೆಡಿಸಿದರು. ಕೆಡಿಸಿ, ಎರಡು ಕೈಯಲ್ಲೂ ತಲೆ ಹಿಡಿದುಕೊಂಡು ಕೂತರು.

‘ನನ್ನ ಕೈಗೆ ಹಿಂಗೆ ಮಾಡಿ ಗೊತ್ತಿಲ್ಲ’ ಅಂದರು.

ಆಮೇಲೆ ಇದೇ ಪದ್ಧತಿಯಾಯಿತು. ಹಗಲು ತಿದ್ದಿದ್ದನ್ನು ಬೆಳಿಗ್ಗೆ ಎದ್ದು ಕೆಡಿಸುವುದು. ಮೇಷ್ಟ್ರು ಬಂದು ಕನ್ನಡಿ ಹಿಡಿದು, ಇಲ್ಲೊಂದು ತಪ್ಪಿದೆಯಲ್ಲ ಅಂತ ಹುಡುಕಿ ತೆಗೆಯುವುದು. ತಪ್ಪು ಸಿಕ್ಕಿದ ದಿನ ಅವರ ಮುಖದಲ್ಲಿ ಒಂದಿಷ್ಟು ಗೆಲುವು. ನಾನು ಮಾತ್ರ ಕುದಿಯುತ್ತಿದ್ದೆ. ದುಃಖ ನನಗೂ ಇತ್ತು, ಆದರೆ ದುಃಖ ಬಂದರೆ ನನಗೆ ಬೈಗುಳ ಬರುತ್ತದೆ, ಏನು ಮಾಡಲಿ. ‘ದೇಶ ಬರ್ಲಿ ಬಿಡ್ಲಿ, ಮಿಲ್ಲಲ್ಲಿ ಜನ ಟೀ ಕುಡೀಬೇಕು. ಅವರ ಟೋಕನ್ ಎಲ್ಲಿ ಅಂತ ದಿನಾ ಕೇಳಿ ಕಳಿಸ್ತಾ ಅವ್ರೆ. ನೀವಿಬ್ರೂ ಸೇರಿ ನನ್ನ ತಲೆ ಕೆಡಿಸಿಬಿಟ್ರಿ’ ಅಂತ ಕೂಗಾಡುತ್ತಿದ್ದೆ. ಯಜಮಾನರು ಕೇಳಿಸದವರ ಹಾಗೆ ಉಳಿ ಮಸೆಯುತ್ತಿದ್ದರು.

ಹೀಗಿರುವಾಗ ಆ ಎಡವಟ್ಟು ಆಯಿತು. ಮಿಲ್ಲಿನ ಟೋಕನ್ನು ಅವಸರಕ್ಕೆ ಬಿದ್ದಿತ್ತು. ಅದರ ನಡುವೆಯೇ ಮೇಷ್ಟ್ರ ಅಚ್ಚಿಗೆ ಹಿತ್ತಾಳೆ ಇಟ್ಟು ಒಂದು ಬಿಲ್ಲೆ ಹೊಡೆದೆವು. ಅವತ್ತು ಎಲ್ಲವೂ ಕೂಡಿ ಬಂದಿತ್ತು: ಮರದ ತಲೆ ತುಂಬಿತ್ತು, ಅಕ್ಷರ ಎದ್ದಿತ್ತು, ಚುಕ್ಕಿ ಸಮವಾಗಿತ್ತು. ಎಲ್ಲೋ ಕೆಡಿಸಿದ್ದ ಒಂದು ಗೆರೆಯೂ ಬಡಿತಕ್ಕೆ ಮುಚ್ಚಿಹೋಗಿತ್ತು. ಯಜಮಾನರು ಅದನ್ನು ಪಕ್ಕಕ್ಕಿಟ್ಟು ಮುಂದಿನ ಕೆಲಸಕ್ಕೆ ತಿರುಗಿದರು. ಪಕ್ಕಕ್ಕಿಟ್ಟದ್ದು ಟೋಕನ್ನುಗಳ ತಟ್ಟೆಯಲ್ಲಿ. ಆ ತಟ್ಟೆ ಸೊಸೆಯ ಹತ್ತಿರ ಹೋಯಿತು. ಎಡಗೈ ಇಟ್ಟಿತು, ಬಲಗೈ ಒತ್ತಿತು. ಮಿಕ್ಕವುಗಳ ಜೊತೆಗೆ ಅದಕ್ಕೂ ತೂತು ಬಿತ್ತು, ತಾಳೆಮರದ ತಲೆಗೆ ಸರಿಯಾಗಿ. ತಟ್ಟೆಗೆ ಹಾಕುವಾಗ ಅವಳ ಬೆರಳಿಗೆ ಗೊತ್ತಾಗಿರಬೇಕು, ಗಕ್ಕನೆ ನಿಂತಳು.

ಮೇಷ್ಟ್ರು ಎದ್ದು ಹೋಗಿ ಅವಳ ಬೆರಳಿನ ನಡುವಿನಿಂದ ಬಿಲ್ಲೆ ಬಿಡಿಸಿಕೊಂಡರು. ಬೆಳಕಿಗೆ ಹಿಡಿದರು. ತೂತಿನಲ್ಲಿ ಒಂದು ಕಣ್ಣಿಟ್ಟು ಸೊಸೆಯನ್ನು ನೋಡಿದರು. ಆಮೇಲೆ ನಕ್ಕರು, ಕರಾವಳಿಯಿಂದ ಆ ಮನುಷ್ಯ ಬಂದು ಹೋದ ಮೇಲೆ ಮೊದಲನೆಯ ಸಲ.

‘ಒಳ್ಳೇದೇ ಆಯ್ತಮ್ಮಾ. ತೂತಿದ್ದರೆ ಕಳೆದುಹೋಗಲ್ಲ’ ಅಂದರು. ಅಲ್ಲೇ ಅಂಗಿ ಎತ್ತಿ ಸೊಂಟದ ಉಡಿದಾರಕ್ಕೆ ಕಟ್ಟಿಕೊಳ್ಳತೊಡಗಿದರು.

ಯಜಮಾನರು ಸುತ್ತಿಗೆ ಹಿಡಿದು ಎದ್ದು ನಿಂತರು. ‘ಮೇಷ್ಟ್ರೇ, ನೋಡೋ ಬಿಲ್ಲೆ ಹೊರಗೆ ಹೋಗಕೂಡ್ದು. ನಿಮಗೇ ಗೊತ್ತಲ್ಲ.’

‘ಇದು ನೋಡೋ ಬಿಲ್ಲೆ ಅಲ್ಲ ತಂಬಿ. ಇದು ಅವನ ಕೈಗೆ ಕೊಡಬೇಕಾದ್ದು. ಅವನು ಬರಲಿಲ್ಲ, ನಾನು ಹೋಗುವಾಗ ತಗೊಂಡು ಹೋಗ್ತೀನಿ.’

ಎಲ್ಲಿಗೆ ಹೋಗುವಾಗ ಅಂತ ಕೇಳುವ ಧೈರ್ಯ ನಮಗೆ ಯಾರಿಗೂ ಇರಲಿಲ್ಲ. ಯಜಮಾನರು ಸುತ್ತಿಗೆ ಕೆಳಗಿಟ್ಟರು. ಆ ಶೆಡ್ಡಿನಿಂದ ಹೊರಗೆ ಹೋದ ನೋಡುವ ಬಿಲ್ಲೆ ಅದೊಂದೇ.

ಆಮೇಲೂ ತಿದ್ದುವುದು, ಕೆಡಿಸುವುದು ನಡೆದೇ ಇತ್ತು. ವರ್ಷಗಳೇ ಉರುಳಿದವು. ದಿಲ್ಲಿಯವರೂ ಕೊಲಂಬೋದವರೂ ಕೂತು ಒಪ್ಪಂದ ಮಾಡಿಕೊಂಡರು ಅಂತ ರೇಡಿಯೋದಲ್ಲಿ ಬಂದ ದಿನ ಬೀದಿಯವರೆಲ್ಲ ಮೇಷ್ಟ್ರ ಮನೆಗೆ ಹೋಗಿ, ಇನ್ನೇನು ಊರಿಗೆ ಹೊರಟಿರಿ ಅಂತ ಸಕ್ಕರೆ ಕೊಟ್ಟು ಬಂದರು. ನಾನೂ ಕೊಟ್ಟೆ. ಅವರು ಸಕ್ಕರೆಯನ್ನು ಅಂಗೈಯಲ್ಲೇ ಹಿಡಿದುಕೊಂಡು ಶೆಡ್ಡಿಗೆ ಬಂದರು.

‘ಪ್ರಾಂತ್ಯ ಕೊಡ್ತಾರಂತೆ ತಂಬಿ. ದೇಶ ಅಲ್ಲ’ ಅಂದರು. ಆಮೇಲೆ ‘ಪ್ರಾಂತ್ಯಕ್ಕೆ ಬೇರೆ ಕಾಸು ಇರುತ್ತಾ?’ ಅಂತ ಕೇಳಿದರು, ಶಾಲೆಯ ಹುಡುಗರನ್ನು ಕೇಳುವ ಹಾಗೆ, ಉತ್ತರ ಗೊತ್ತಿದ್ದೇ.

ಯಜಮಾನರು ಇಲ್ಲ ಅಂತ ತಲೆಯಾಡಿಸಿದರು.

‘ಹಾಗಾದರೆ ಹದ ಬೇಡ. ಒಳ್ಳೆ ಉಕ್ಕು, ಮುಖ ಉಜ್ಜಿ ತೆಗೆದು ಟೀ ಟೋಕನ್ ಕೆತ್ತಿಕೊಳ್ಳಿ.’

ಯಜಮಾನರು ಉಜ್ಜಲಿಲ್ಲ. ಎಣ್ಣೆಬಟ್ಟೆಯಲ್ಲಿ ಸುತ್ತಿ ಮೇಲಿನ ಹಲಗೆಗೆ ಇಟ್ಟರು. ಮರುದಿನದಿಂದ ಮೇಷ್ಟ್ರು ಬರಲಿಲ್ಲ. ನಾನೇ ಹೋಗಿ ಬೈದು ಕರೆದೆ, ಯಜಮಾನರು ಬೇರೆ ಬೇರೆ ಅಕ್ಷರದ ನೆವ ಹೇಳಿ ಕರೆದರು. ಬಾಗಿಲಲ್ಲಿ ಕೂತು ‘ಓಂ, ಓಂ’ ಅನ್ನುತ್ತಿದ್ದರು. ಅವರ ಕಡೆ ಹೌದು ಅನ್ನುವುದು ಹಾಗೆ. ಏಳುತ್ತಿರಲಿಲ್ಲ. ಆ ಹುಡುಗಿ ಹೇಳಿದ್ದೇ ಆಯಿತು. ಅಚ್ಚು ಮುಗಿಸದೆ ಇದ್ದರೂ ಅವರನ್ನು ಉಳಿಸಿಕೊಳ್ಳಲು ಆಗಲಿಲ್ಲ. ಮಾರ್ಗಳಿಯ, ಅಂದರೆ ಧನುರ್ಮಾಸದ, ಒಂದು ಬೆಳಿಗ್ಗೆ ಮುಖ ತೊಳೆಯಲು ಏಳಲೇ ಇಲ್ಲ.

ಬೀದಿಯವರು ಸೇರಿ ಎಲ್ಲ ಮಾಡಿದರು. ಹೆಣಕ್ಕೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹಣೆಗೆ ಕಾಸು ಇಡುವ ಹೊತ್ತಿಗೆ ಯಾರೋ ಒಂದು ರೂಪಾಯಿ ಮುಂದೆ ಹಿಡಿದರು. ನಮ್ಮ ಕಡೆ ಸತ್ತವರ ಹಣೆಗೆ ಕಾಸು ಅಂಟಿಸದೆ ಕಳಿಸುವುದಿಲ್ಲ. ಸೊಸೆ ಅವರ ಕೈಯನ್ನು ಮೆಲ್ಲಗೆ ಸರಿಸಿದಳು. ಮೇಷ್ಟ್ರ ಉಡಿದಾರದಿಂದ ಆ ಬಿಲ್ಲೆ ಬಿಚ್ಚಿ, ಸೆರಗಿನಿಂದ ಒರೆಸಿ, ಚಂದನ ಹಚ್ಚಿ ಹಣೆಗೆ ಇಟ್ಟಳು. ಮೇಲಂಚಿನಲ್ಲಿ ತೂತು, ತೂತಿನೊಳಗೆ ಅಷ್ಟಗಲ ಚರ್ಮ ಕಾಣುತ್ತಿತ್ತು. ‘ಮಾಮಾ, ಮರೀಬೇಡಿ. ಅವರ ಕೈಗೇ ಕೊಡಿ’ ಅಂತ ಕಿವಿಯ ಹತ್ತಿರ ಹೇಳಿದಳು. ಅಲ್ಲಿದ್ದ ಹೆಂಗಸರಿಗೆ ಏನೂ ತಿಳಿಯಲಿಲ್ಲ. ನಾನು ಅವತ್ತು ಅತ್ತ ಹಾಗೆ ನನ್ನ ತಾಯಿ ಸತ್ತಾಗಲೂ ಅತ್ತಿರಲಿಲ್ಲ.

ಗಂಡಸರು ಹೆಣ ಹೊತ್ತು ಹೋಗಿ, ಹೊತ್ತು ಇಳಿಯುವಾಗ ಹಿಂದಿರುಗಿದರು. ಯಜಮಾನರು ಹಿತ್ತಲಿನ ಬಾವಿಕಟ್ಟೆಯಲ್ಲಿ ತಲೆಗೆ ನೀರು ಹುಯ್ದುಕೊಂಡು, ಟವೆಲು ಸುತ್ತಿಕೊಂಡು ನಿಂತರು. ಬಿಚ್ಚಿ ಹಾಕಿದ್ದ ಅಂಗಿಯನ್ನು ನಾನು ಒಗೆಯುವ ಕಲ್ಲಿನ ಮೇಲೆ ಒಂದು ಸಲ ಕುಕ್ಕಿದೆ. ಜೇಬಿನಿಂದ ಏನೋ ಜಾರಿ ಕಲ್ಲಿನ ಮೇಲೆ ಟಣ್ ಅಂದಿತು. ಬಗ್ಗಿ ಎತ್ತಿಕೊಂಡೆ. ತಾಳೆಮರ, ತಲೆಯಲ್ಲಿ ತೂತು, ಅಂಚಿನಲ್ಲಿ ಇನ್ನೂ ಚಂದನ.

ಯಜಮಾನರು ನನ್ನ ಮುಖ ನೋಡದೆ, ಬಾವಿಯ ಕಡೆ ತಿರುಗಿಕೊಂಡು ಹೇಳಿದರು. ಹಣೆಯ ಕಾಸು ಸುಡುಗಾಡು ಕಾಯುವವನ ಪಾಲಂತೆ, ಮುಖ ಮುಚ್ಚುವ ಮುಂಚೆ ಅವನು ತೆಗೆದುಕೊಳ್ಳುವುದು ಅಲ್ಲಿಯ ಪದ್ಧತಿ. ಯಜಮಾನರಿಗೆ ಅದು ನೆನಪಾಗಲಿಲ್ಲ. ಅವನು ಬೆರಣಿ ಜೋಡಿಸಿ, ಹುಲ್ಲು ಹಾಕಿ, ಮೇಲೆ ಮಣ್ಣು ಮೆತ್ತಿ ಎಲ್ಲ ಮುಗಿಸಿದ ಮೇಲೆ ಅಂಗೈ ಬಿಚ್ಚಿ ನೋಡಿದ. ‘ಏನ್ಸಾಮಿ, ಮಿಲ್ಲಿನ ಟೀ ಟೋಕನ್ ಇಟ್ಟು ಕಳಿಸಿದೀರಲ್ಲ. ಇದು ಎಲ್ಲಿ ನಡೀತದೆ? ಬೇರೆ ಕೊಡಿ’ ಅಂತ ನೆಲಕ್ಕೆ ಎಸೆದ. ಯಜಮಾನರು ಅವನಿಗೆ ರೂಪಾಯಿ ಕೊಟ್ಟು ಇದನ್ನು ಆಯ್ದುಕೊಂಡರು. ಆ ಹೊತ್ತಿಗೆ ಬೆಂಕಿ ಇಟ್ಟಾಗಿತ್ತು.

‘ಒಳಗೆ ಹಾಕೋದಕ್ಕೆ ಸಂದಿ ಸಿಗಲಿಲ್ಲ ಕಣೇ’ ಅಂದರು.

ಅಷ್ಟರಲ್ಲಿ ಹಿತ್ತಲಿನ ಬೇಲಿಯ ಹತ್ತಿರ ನೆರಳು ಕಂಡಿತು. ಅವಳು ಒದ್ದೆ ಕೂದಲು ಬಿಟ್ಟುಕೊಂಡು ನಿಂತಿದ್ದಳು. ನಾನು ಮುಷ್ಟಿ ಮುಚ್ಚಿದೆ. ಅವಳು ಯಜಮಾನರನ್ನು ಕೇಳಲಿಲ್ಲ, ನನ್ನನ್ನೇ ಕೇಳಿದಳು.

‘ಅಕ್ಕಾ, ಕಾಸು ಮಾಮನ ಜೊತೆ ಹೋಯ್ತಾ?’

‘ಹೋಯ್ತು ಕಣಮ್ಮ’ ಅಂದೆ.

ಅವಳು ಬೇಲಿಯ ಕೋಲು ಹಿಡಿದುಕೊಂಡು ಆಕಾಶದ ಕಡೆ ನೋಡಿದಳು, ಹೊಗೆ ಇನ್ನೂ ಏಳುತ್ತಿದ್ದ ಕಡೆ. ‘ಹಂಗಾದ್ರೆ ಇಷ್ಟು ಹೊತ್ತಿಗೆ ಅವರ ಕೈ ಸೇರಿರುತ್ತೆ’ ಅಂದಳು. ಆಮೇಲೆ ಬೇಲಿ ದಾಟಿ ಬಂದು, ಒಗೆಯುವುದು ನಾನು ಮಾಡ್ತೀನಿ ಕೊಡಿ ಅಕ್ಕಾ ಅಂತ ಎರಡು ಕೈಯನ್ನೂ ಮುಂದೆ ಚಾಚಿದಳು. ನಾನು ಒಂದು ಕೈಯಲ್ಲಿ ಮಾತ್ರ ಅಂಗಿ ಕೊಟ್ಟೆ.